ನಕ್ಕೋ ತಂಡ ಹುಟ್ಟಿದ ಶನಿವಾರ

ಬೆಂಗಳೂರಿಗೆ ಬಂದ ಮೇಲೆ ನಾನು ಸರಿಯಾಗಿ ಕೇಳಿಸಿಕೊಂಡ ಮೊದಲ ಸದ್ದು ನನ್ನದೇ ಎದೆಬಡಿತ.

ನಾನು ಕೆಲಸಕ್ಕೆ ಸೇರಬೇಕಿದ್ದ ಕಿವಿ ಆಸ್ಪತ್ರೆ ಹಲಸೂರಿನ ಒಂದು ಇಕ್ಕಟ್ಟಾದ ಬೀದಿಯಲ್ಲಿತ್ತು. ಮೆಟ್ರೋ ಇಳಿದು ಅಲ್ಲಿಗೆ ನಡೆಯುವಷ್ಟರಲ್ಲಿ ತಮಿಳು, ಉರ್ದು, ಇಂಗ್ಲಿಷು, ಕನ್ನಡ ಎಲ್ಲವೂ ಒಂದರ ಮೇಲೊಂದು ಬಿದ್ದವು. ಅದರಲ್ಲಿ ಒಂದು ಮಾತೂ ನನಗೆಂದು ಆಡಿದ್ದಾಗಿರಲಿಲ್ಲ. ನೀರಿನ ಅಡಿಯಲ್ಲಿ ನಡೆದಂತೆ ನಡೆದು ಒಳಗೆ ಹೋದೆ. ಡಾಕ್ಟರಮ್ಮ ನನ್ನನ್ನು ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, "ಇದೇ ನಿಮ್ಮ ಜಾಗ" ಎಂದು ದಪ್ಪ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡರು. ಊರು ನಿಂತೇಹೋಯಿತು. ಗೋಡೆಗೆಲ್ಲ ಸ್ಪಂಜು ಹೊದಿಸಿದ ಆ ಕೋಣೆಯಲ್ಲಿ ಹೊರಗಿನ ಒಂದು ಸದ್ದೂ ನುಸುಳುವುದಿಲ್ಲ. ಕಿವಿ ಪರೀಕ್ಷೆಗೆ ಹಾಗೆಯೇ ಇರಬೇಕು. ಧಾರವಾಡದಲ್ಲಿ ಅದರ ಕೋರ್ಸ್ ಮಾಡುವಾಗ ಇಂಥ ಕೋಣೆಯಲ್ಲಿ ಕೂತಿದ್ದೆ. ಆದರೆ ಅಲ್ಲಿಯ ಬಾಗಿಲು ಸರಿಯಾಗಿ ಕೂರದೆ, ಹೊರಗೆ ಯಾರಾದರೂ ಕೆಮ್ಮಿದರೂ ಒಳಗೆ ಕೇಳುತ್ತಿತ್ತು. ಇಲ್ಲಿ ನನ್ನ ಎದೆ ಬಡಿಯುವುದು, ಗಂಟಲಲ್ಲಿ ಉಗುಳು ಇಳಿಯುವುದು ಕೇಳಿತು. ಇಷ್ಟು ದೊಡ್ಡ ಊರಿನ ನಡುವೆ ಇಷ್ಟು ಒಬ್ಬಂಟಿಯಾಗಿ ಕೂರುವುದು ಸಾಧ್ಯವೆಂದು ಯಾರೂ ಹೇಳಿರಲಿಲ್ಲ.

ರೋಣದಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ನಾನು ಗೊತ್ತು. ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ನೀಲವ್ವನ ಮಗಳು ಶಿವಲೀಲಾ. ತಾಲ್ಲೂಕಿನ ದವಾಖಾನೆಯಲ್ಲಿ ನನ್ನ ಗುತ್ತಿಗೆ ಮುಗಿದ ಮೇಲೆ ಅಕ್ಕನ ಗೆಳತಿಯೊಬ್ಬಳು ಈ ಕೆಲಸದ ಸುಳಿವು ಕೊಟ್ಟಳು, ನಾನು ಬಂದುಬಿಟ್ಟೆ. ಬಂದು ಮೂರನೇ ವರ್ಷ ನಡೆದಿದೆ. ಹೋದ ಸಲ ಊರಿಗೆ ಬಂದಾಗ ನೀವೆಲ್ಲ ಕೇಳಿದ್ದು ಒಂದೇ ಮಾತು: "ಅಲ್ಲಿ ನೀ ಜನರನ್ನ ನಗಸ್ತೀಯಂತ, ಖರೇನ?" ಖರೆ. ಅದು ಹೇಗಾಯಿತೆಂದು ಅವತ್ತು ನಿಂತ ನಿಲುವಿನಲ್ಲಿ ಹೇಳಲಾಗಲಿಲ್ಲ.

ಮೊದಲು ನಗಿಸಿದ್ದು ನಾನಲ್ಲ. ಅವರೇ ನಕ್ಕರು. ಮೊದಲ ವಾರ ಒಬ್ಬ ಹೆಂಗಸು ಪರೀಕ್ಷೆಗೆ ಬಂದಾಗ ನಾನು ನಮ್ಮಲ್ಲಿ ಅನ್ನುವ ಹಾಗೆ "ಬರ್ರಿ, ಕುಂಡ್ರ್ರಿ" ಎಂದೆ. ಆಕೆ ಮಗಳ ಕಡೆ ತಿರುಗಿ ಬಾಯಿಗೆ ಸೆರಗು ಇಟ್ಟುಕೊಂಡಳು. ಮಗಳು, "ಸಾರಿ ಮೇಡಂ, ನೀವು ಮಾತಾಡೋದು ಕೇಳೋಕೆ ಒಂಥರಾ ಮಜಾ ಇದೆ" ಎಂದಳು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಅವತ್ತಿನಿಂದ ನಾನು "ಕೂತ್ಕೊಳ್ಳಿ" ಎನ್ನಲು ಕಲಿತೆ. ಜಳಕ ಹೋಗಿ ಸ್ನಾನ ಬಂತು, ನಾಷ್ಟಾ ಹೋಗಿ ತಿಂಡಿ ಬಂತು. ಬಾಯಿ ತೆರೆಯುವ ಮುಂಚೆ ಪ್ರತಿ ಪದವನ್ನೂ ಒಮ್ಮೆ ತಿರುಗಿಸಿ ನೋಡುವ ಅಭ್ಯಾಸ ಬೆಳೆಯಿತು. ಹಾಗೆ ನೋಡುತ್ತ ನೋಡುತ್ತ ಮಾತೇ ಕಡಿಮೆಯಾಯಿತು. ರೋಣದಲ್ಲಿ ನನ್ನ ಬಾಯಿ ಮುಚ್ಚಿಸಲು ಅವ್ವ ಲಟ್ಟಣಿಗೆ ತೋರಿಸಬೇಕಿತ್ತು, ನೆನಪಿದೆಯಲ್ಲ.

ಮನೆ ಸಿಕ್ಕಿದ್ದು ಹೊರಮಾವಿನಲ್ಲಿ. ಒಂದು ಕಾಲಕ್ಕೆ ಹಳ್ಳಿ, ಈಗ ಸುತ್ತಲೂ ಅಪಾರ್ಟ್‌ಮೆಂಟುಗಳು. ನಡುವೆ ಒಂದು ಹಳೆಯ ಎರಡಂತಸ್ತಿನ ಮನೆ, ಮುಂದೆ ಎಮ್ಮೆ ಕಟ್ಟುತ್ತಿದ್ದ ಕಲ್ಲು ಇನ್ನೂ ಹಾಗೇ ನೆಟ್ಟಿದೆ. ಕಲ್ಲಿಗೆ ಈಗ ಸ್ಕೂಟರ್ ಒರಗಿಸುತ್ತಾರೆ. ಮೇಲಿನ ಕೋಣೆ ನನ್ನದು. ಕೆಳಗೆ ಮನೆಯ ಯಜಮಾನ ಮುನಿರಾಜು ಮತ್ತು ಅವರ ಹೆಂಡತಿ ಜಯಮ್ಮ. ಯಜಮಾನರ ಅಪ್ಪ ರಾಗಿ ಬೆಳೆದವರು. ಮುನಿರಾಜು ವಿಮಾನಪುರದ ಕಾರ್ಖಾನೆಯಲ್ಲಿ ತಗಡು ಬಡಿಯುವ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ನಾನು ಮೊದಲ ದಿನ "ಕಾಕಾ" ಎಂದು ಕರೆದೆ. ಜಯಮ್ಮ, "ಕಾಕಾ ಅಂದ್ರೆ ಇಲ್ಲಿ ಟೀ ಅಂಗಡಿಯೋರು ಕಣಮ್ಮ. ಅಣ್ಣ ಅನ್ನು, ಸಾಕು" ಎಂದರು. ಹಾಗಾಗಿ ಅಪ್ಪನ ವಯಸ್ಸಿನವರು ಮುನಿರಾಜಣ್ಣ ಆದರು.

ಅವರ ಮನೆಯ ಟಿವಿ ಇಡೀ ಓಣಿಗೆ ಕೇಳುತ್ತಿತ್ತು. ಅವರು ಮಾತ್ರ ಹೆಚ್ಚು ಮಾತಾಡುತ್ತಿರಲಿಲ್ಲ. ಜಯಮ್ಮ ಏನಾದರೂ ಕೇಳಿದರೆ ನಕ್ಕು ತಲೆಯಾಡಿಸುತ್ತಿದ್ದರು. ಕಿವಿ ಕೇಳದವರು ಹೀಗೆ ತಲೆಯಾಡಿಸುವುದನ್ನು ನಾನು ದಿನಾ ನೋಡುತ್ತೇನೆ. ಏನು ಹೇಳಿದರೆಂದು ಮತ್ತೆ ಮತ್ತೆ ಕೇಳಿ ಸಾಕಾಗಿ, ಎಲ್ಲದಕ್ಕೂ ಹೂಂ ಎನ್ನುವ ಹಂತ ಅದು. ಅದರ ಮುಂದಿನ ಹಂತ, ಜನ ಇವರನ್ನು ಕೇಳುವುದನ್ನೇ ಬಿಡುತ್ತಾರೆ.

ಒಂದು ಸಂಜೆ ಮೆಟ್ಟಿಲ ಮೇಲೆ ಕೂತಿದ್ದಾಗ ಕಿವಿ ತೋರಿಸಿ, "ಪರೀಕ್ಷಾ ಮಾಡ್ಲೇನ್ರಿ?" ಎಂದೆ. ಮರೆತು ನಮ್ಮ ಮಾತೇ ಬಂದುಬಿಟ್ಟಿತು.

ಅವರು ಒಳಗೆ ಹೋಗಿ ಒಂದು ಪುಟ್ಟ ಡಬ್ಬಿ ತಂದರು. ಮಹದೇವಪುರದಲ್ಲಿರುವ ಮಗಳು ತಂದುಕೊಟ್ಟ ಶ್ರವಣಯಂತ್ರ, ಪ್ಲಾಸ್ಟಿಕ್ಕಿನ ಕವರು ಕೂಡ ಹರಿದಿರಲಿಲ್ಲ. "ಮೆಷಿನ್ ಐತೆ. ಹಾಕ್ಕಂಡ್ರೆ ಜನ ನಗ್ತಾರೆ" ಎಂದರು.

"ನಾ ಮಾತಾಡಿದ್ರೂ ನಗ್ತಾರ್ರಿ" ಎಂದೆ, ಸ್ವಲ್ಪ ಜೋರಾಗಿಯೇ.

ಅವರಿಗೆ ಅದು ಕೇಳಿಸಿತು. ಮರುದಿನ ಯಂತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ನನ್ನ ಜೊತೆ ಹಲಸೂರಿಗೆ ಬಂದರು.

ಯಂತ್ರ ಕಿವಿಗೆ ಹಾಕಿದರೆ ಕೆಲಸ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ಅಲ್ಲಿಂದಲೇ ಶುರು. ಎಷ್ಟೋ ವರ್ಷ ಸುಮ್ಮನಿದ್ದ ಕಿವಿಗೆ ಚಮಚ, ನಲ್ಲಿ, ಚಪ್ಪಲಿ ಎಲ್ಲವೂ ಒಮ್ಮೆಲೇ ನುಗ್ಗುತ್ತವೆ. ಅದರೊಳಗಿಂದ ಮಾತನ್ನು ಹೆಕ್ಕಲು ಮತ್ತೆ ಕಲಿಯಬೇಕು. ನಾನು ಡಾಕ್ಟರಮ್ಮನನ್ನು ಕೇಳಿಕೊಂಡು, ಶನಿವಾರ ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಒಂದು ಅಭ್ಯಾಸ ಇಟ್ಟುಕೊಂಡೆ. ಒಬ್ಬರು ಬಾಯಿಗೆ ಕಾಗದ ಅಡ್ಡ ಹಿಡಿದು ಒಂದು ವಾಕ್ಯ ಹೇಳಬೇಕು. ಇನ್ನೊಬ್ಬರು ತುಟಿ ನೋಡದೆ, ಕೇಳಿದ್ದನ್ನು ಕೇಳಿದ ಹಾಗೆ ತಿರುಗಿ ಹೇಳಬೇಕು.

ಮೊದಲ ಶನಿವಾರ ಬಂದವರು ಇಬ್ಬರೇ. ಮುನಿರಾಜಣ್ಣ, ಮತ್ತು ಶಿವಾಜಿನಗರದಲ್ಲಿ ಮದುವೆ ಬಟ್ಟೆ ಹೊಲಿಯುವ ಶಹನಾಜ್ ಆಪಾ. ಆಪಾ ಎಂದರೆ ಅಕ್ಕ. ಅವರಿಗೆ ಎಡಗಿವಿ ಪೂರಾ ಹೋಗಿತ್ತು, ಬಲಗಿವಿಗೆ ಯಂತ್ರ. ಅವರ ಮನೆಮಾತು ದಖನಿ ಉರ್ದು, ಕನ್ನಡವನ್ನೂ ಚೆನ್ನಾಗಿ ಆಡುತ್ತಾರೆ. ಅವರು ಒಳಗೆ ಬರುತ್ತಲೇ "ದವಾಖಾನಾದಲ್ಲಿ ಖುರ್ಚಿ ಎಲ್ಲಿ ಮೇಡಂ?" ಎಂದಾಗ ನನಗೆ ನಮ್ಮೂರಿನವರು ಯಾರೋ ಬಂದ ಹಾಗಾಯಿತು. ದವಾಖಾನೆ, ಖುರ್ಚಿ, ಜಲ್ದಿ. ಈ ಊರಿನಲ್ಲಿ ನಾನು ಅಡಗಿಸಿಟ್ಟಿದ್ದ ಪದಗಳನ್ನು ಅವರು ಯಾವ ಅಳುಕೂ ಇಲ್ಲದೆ ಆಡುತ್ತಿದ್ದರು.

ಮಧ್ಯಾಹ್ನದ ಬಿಸಿಲು ಕಾಯುವ ಕೋಣೆಯ ಹಸಿರು ಗಾಜಿನಿಂದ ಇಳಿದು, ಎಲ್ಲರ ಮುಖ ಕೊಳದ ಅಡಿಯಲ್ಲಿದ್ದಂತೆ ಕಾಣುತ್ತಿತ್ತು. ಫ್ಯಾನ್ ಆರಿಸಿದ್ದೆವು. ನಾನು ಕಾಗದ ಅಡ್ಡ ಹಿಡಿದೆ. ಯಾವ ವಾಕ್ಯವೂ ಹೊಳೆಯದೆ, ಸುಗ್ಗಿಯಲ್ಲಿ ಅವ್ವ ಅನ್ನುತ್ತಿದ್ದುದೇ ಬಂತು: "ಬುತ್ತಿ ಕಟ್ಟಿಕೊಂಡು ಹೊಲಕ್ಕ ಹೋಗೋಣು."

ಮುನಿರಾಜಣ್ಣ ಕಣ್ಣು ಮುಚ್ಚಿ ಯೋಚಿಸಿದರು. "ಬುದ್ಧಿ ಕಟ್ಟಿಟ್ಟು ಹೊರಕ್ಕೆ ಹೋಗೋಣ."

ಶಹನಾಜ್ ಆಪಾ ಗಂಭೀರವಾಗಿ ತಲೆದೂಗಿದರು. "ಸರಿಯಾಗೇ ಹೇಳಿದ್ರು ಭಾಯಿ. ಈ ಊರಲ್ಲಿ ಎಲ್ರೂ ಹಂಗೇ ಹೋಗೋದು."

ರಿಸೆಪ್ಷನ್ನಿನ ಸೆಲ್ವಿ ಮೇಜಿನ ಹಿಂದಿನಿಂದ ತಲೆ ಎತ್ತಿದಳು. ಸೆಲ್ವಿ ಹಲಸೂರಿನಲ್ಲೇ ಹುಟ್ಟಿದವಳು, ತಮಿಳಿನವಳು, ನನ್ನದೇ ವಯಸ್ಸು. ಅಲ್ಲಿಯವರೆಗೆ ನನ್ನ ಜೊತೆ ಅವಳು ಆಡಿದ ಮಾತು "ನೆಕ್ಸ್ಟ್ ಪೇಷಂಟ್ ಕಳಿಸ್ಲಾ?" ಅಷ್ಟೇ.

ಮುಂದಿನ ಸರದಿ ಶಹನಾಜ್ ಆಪಾ ಅವರದು. ಕಾಗದವನ್ನು ಕೈಗೆ ಕೊಟ್ಟೆ. ಅವರಿಗೆ ಇದ್ದಕ್ಕಿದ್ದಂತೆ ನಾಚಿಕೆಯಾಯಿತು. ಕಾಗದದ ಹಿಂದೆ ಮುಖ ಮುಚ್ಚಿಕೊಂಡು, "ನಕ್ಕೋ, ನಕ್ಕೋ" ಎಂದರು. ದಖನಿಯಲ್ಲಿ ನಕ್ಕೋ ಎಂದರೆ ಬೇಡ.

ಮುನಿರಾಜಣ್ಣ ಆ ಕಾಗದವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಪಾಠ ಒಪ್ಪಿಸುವವರಂತೆ, "ಹ್ಹ, ಹ್ಹ, ಹ್ಹ" ಎಂದು ನಕ್ಕರು.

"ಯಾಕೆ ನಗ್ತಿದ್ದೀರಿ ಅಣ್ಣಾ?" ಎಂದೆ.

"ಆಯಮ್ಮ ನಕ್ಕೋ ನಕ್ಕೋ ಅಂತಾವ್ರೆ. ನಗ್ದಿದ್ರೆ ಬೇಜಾರ್ ಮಾಡ್ಕಳಲ್ವಾ?"

ಸೆಲ್ವಿ ಮೊದಲು ಸಿಡಿದಳು. ಶಹನಾಜ್ ಆಪಾಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದದ್ದೇ ಕಾಗದ ಕೆಳಗೆ ಬಿತ್ತು, ಕಣ್ಣಲ್ಲಿ ನೀರು ಬಂತು, ಬೇಡ ಬೇಡ ಎನ್ನಲು ಹೋಗಿ ಮತ್ತೆ "ನಕ್ಕೋ" ಎಂದರು. ಮುನಿರಾಜಣ್ಣ ಆಜ್ಞೆ ಪಾಲಿಸುವವರಂತೆ ಮತ್ತೆ ನಕ್ಕರು. ನಾನು ಗೋಡೆ ಹಿಡಿದುಕೊಂಡೆ. ಬೆಂಗಳೂರಿಗೆ ಬಂದು ಏಳು ತಿಂಗಳಲ್ಲಿ ಹೊಟ್ಟೆ ಹಿಡಿದು ನಕ್ಕದ್ದು ಅದೇ ಮೊದಲು. ಆ ಪದ ಅವರಿಗೆ ಮೊದಲೇ ಗೊತ್ತಿತ್ತೋ, ಕಾರ್ಖಾನೆಯಲ್ಲಿ ಎಲ್ಲ ಭಾಷೆ ಕೇಳಿದವರು ಬೇಕೆಂದೇ ಆಟ ಕಟ್ಟಿದರೋ, ಇವತ್ತಿಗೂ ಅವರು ಬಾಯಿ ಬಿಡುವುದಿಲ್ಲ.

ನಗು ನಿಂತ ಮೇಲೆ ಮುನಿರಾಜಣ್ಣ ಕಿವಿಯ ಮೇಲೆ ಕೈಯಿಟ್ಟು ಕೂತಿದ್ದರು. ನೋವಾಯಿತೇನೋ ಎಂದು ಹತ್ತಿರ ಹೋದೆ.

"ಎಷ್ಟು ವರ್ಷ ಆಗಿತ್ತಮ್ಮ, ನನ್ ನಗು ನಂಗೇ ಕೇಳ್ಸಿ. ನಮ್ಮಪ್ಪನ ನಗು ಹಿಂಗೇ ಇತ್ತು" ಎಂದರು.

ತಂಡ ಹುಟ್ಟಿದ್ದು ಅವತ್ತು. ಆದರೆ ಅದು ತಂಡ ಎಂದು ನಮಗೆ ಗೊತ್ತಿರಲಿಲ್ಲ. ಮುಂದಿನ ಶನಿವಾರ ಶಹನಾಜ್ ಆಪಾ ಅರ್ಧ ಗಂಟೆ ಮೊದಲೇ ಬಂದರು, ಡಬ್ಬಿಯಲ್ಲಿ ಸಮೋಸ. ಅದರ ಮುಂದಿನ ವಾರ ಸೆಲ್ವಿ ಮನೆಗೆ ಹೋಗದೆ ಉಳಿದು, ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಕೇಳುವವರ ಧ್ವನಿಯನ್ನು ಒಬ್ಬೊಬ್ಬರದಾಗಿ ಮಾಡಿ ತೋರಿಸಿದಳು. ನಾವು ತಪ್ಪಾಗಿ ಕೇಳಿಸಿಕೊಂಡ ಮಾತುಗಳನ್ನೆಲ್ಲ ಅವಳು ಹಳೆಯ ಡೈರಿಯೊಂದರಲ್ಲಿ ಬರೆದಿಟ್ಟಳು. ಅವನ್ನು ಜೋಡಿಸಿದರೆ ಪುಟ್ಟ ಪುಟ್ಟ ಆಟಗಳಾದವು. ಕಾಯುವ ಕೋಣೆಗೆ ಸುಮ್ಮನೆ ನೋಡಲು ಬರುವವರೂ ಶುರುವಾದರು. ಡಾಕ್ಟರಮ್ಮ ಒಂದು ದಿನ ಬಾಗಿಲಲ್ಲೇ ನಿಂತು ನೋಡಿ, "ನಿಮ್ಮ ಗುಂಪಿಗೆ ಹೆಸರೇನು?" ಎಂದರು. ಸೆಲ್ವಿ ಯೋಚಿಸದೆ "ನಕ್ಕೋ" ಎಂದಳು.

ಈ ವಾರಗಳಲ್ಲಿ ಬೆಂಗಳೂರು ನನಗೆ ನಿಧಾನವಾಗಿ ತೆರೆದುಕೊಂಡಿತು. ಸೆಲ್ವಿ ಹಲಸೂರು ಕೆರೆಯ ದಂಡೆಗೆ ಕರೆದುಕೊಂಡು ಹೋಗಿ ಬೇಯಿಸಿದ ಕಡಲೆಗೆ ತೆಂಗಿನ ಚೂರು ಹಾಕಿದ ಸುಂಡಲ್ ತಿನ್ನಿಸಿದಳು. ಶಹನಾಜ್ ಆಪಾ ಅವರ ಅಂಗಡಿಯಲ್ಲಿ ಜರಿಯ ಚೂರುಗಳ ನಡುವೆ ಕೂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯಲು ಕಲಿತೆ. ಜಯಮ್ಮನ ರಾಗಿ ಮುದ್ದೆಯನ್ನು ಮೊದಲ ಸಲ ರೊಟ್ಟಿಯಂತೆ ಅಗಿದು ಬೈಸಿಕೊಂಡೆ, ಮುದ್ದೆಯನ್ನು ನುಂಗಬೇಕಂತೆ. ನಮ್ಮಲ್ಲಿ ಜೋಳ ಹಲ್ಲಿಗೆ ಕೆಲಸ ಕೊಡುತ್ತದೆ, ಇಲ್ಲಿ ರಾಗಿ ಹಾಗೇ ಜಾರಿ ಇಳಿಯುತ್ತದೆ. ಸಂಜೆ ಬೆನ್ನಿಗಾನಹಳ್ಳಿಯ ಕಡೆ ಮೆಟ್ರೋದಲ್ಲಿ ನಿಂತು ಹೋಗುವಾಗ, ಕೆಳಗಿನ ಮಳೆಮರಗಳ ತಲೆಗಳು ಕಿಟಕಿಗೆ ಸಮವಾಗಿ ತೇಲಿ ಬರುತ್ತಿದ್ದವು. ಎಚ್ಚರದಲ್ಲಿದ್ದೇನೋ ಇಲ್ಲವೋ ಎನ್ನಿಸುವಂಥ ಆ ಹೊತ್ತಿನಲ್ಲಿ ನಾನು ನನ್ನಷ್ಟಕ್ಕೇ ಹೊಸ ಮಾತುಗಳನ್ನು ಕಟ್ಟುತ್ತಿದ್ದೆ. ಅವು ನಮ್ಮೂರಿನ ಕನ್ನಡದಲ್ಲೇ ಬರುತ್ತಿದ್ದವು.

ಇಂದಿರಾನಗರಕ್ಕೆ ಹೋಗೋಣ ಎಂದದ್ದು ಸೆಲ್ವಿ. ಅಲ್ಲಿ ಒಂದು ಕಾಫಿ ಅಂಗಡಿಯಲ್ಲಿ ಭಾನುವಾರ ಮಧ್ಯಾಹ್ನ ಓಪನ್ ಮೈಕ್ ನಡೆಯುತ್ತಿತ್ತು. ಯಾರು ಬೇಕಾದರೂ ಹೆಸರು ಬರೆಸಿ, ಮೈಕ್ ಮುಂದೆ ಐದು ನಿಮಿಷ ನಗಿಸಬಹುದು. "ನೀನೇ ಮಾತಾಡು. ನಮ್ಮಲ್ಲಿ ನಿಂದೇ ಚೆನ್ನಾಗಿರೋದು" ಎಂದಳು ಸೆಲ್ವಿ. ಮುನಿರಾಜಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಯಂತ್ರವನ್ನು ಯಾರಿಗೂ ಮುಚ್ಚಿಡದೆ ಕಿವಿಗೆ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತರು. ಆಪಾಗೆ ಅವತ್ತು ಮದುವೆಯ ಹೊಲಿಗೆ ಇತ್ತು, ಬರಲಿಲ್ಲ.

ಮೈಕ್ ಮುಂದೆ ನಿಂತು "ನಮಸ್ಕಾರ್ರಿ" ಎಂದೆ. ಆಗಲೇ ನಕ್ಕರು. ನಾನಿನ್ನೂ ಏನೂ ಹೇಳಿರಲಿಲ್ಲ. ಹಿಂದಿನಿಂದ ಒಬ್ಬ ಹುಡುಗ "ನಮಸ್ಕಾರ್ರೀ" ಎಂದು ಎಳೆದು ಹೇಳಿದ. ಇನ್ನೊಂದು ಅಲೆ ನಗು ಎದ್ದಿತು. ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಚದುರಿದವು. ಗಾಬರಿಯಲ್ಲಿ ನಾನು ಶಾಲೆಯ ಭಾಷಣದ ಕನ್ನಡಕ್ಕೆ ಜಾರಿದೆ: "ನಾನು ಗದಗ ಜಿಲ್ಲೆಯಿಂದ ಬಂದಿರುತ್ತೇನೆ." ಈಗ ಯಾರೂ ನಗಲಿಲ್ಲ. ಕಾಫಿ ಯಂತ್ರ ಬುಸುಗುಟ್ಟಿತು, ಯಾರೋ ಫೋನ್ ನೋಡಲು ತೊಡಗಿದರು. ಮೊದಲ ಸಾಲಿನಲ್ಲಿ ಮುನಿರಾಜಣ್ಣ ಕಿವಿಗೆ ಕೈ ಹಾಕಿ, ಯಂತ್ರವನ್ನು ತೆಗೆದು, ಜೇಬಿನಲ್ಲಿಟ್ಟುಕೊಂಡರು. ಅದನ್ನು ನೋಡಿದ ಮೇಲೆ ನನಗೆ ಮುಂದೆ ಮಾತಾಡಲಾಗಲಿಲ್ಲ. ಐದರಲ್ಲಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಇಳಿದು ಬಂದೆ.

ಮುಂದಿನ ಶನಿವಾರ ನಾನೇ ಅಭ್ಯಾಸ ಬೇಡವೆಂದೆ. ಅದರ ಮುಂದಿನದೂ ನಡೆಯಲಿಲ್ಲ. ಅಷ್ಟು ಗದ್ದಲದ ಜಾಗಕ್ಕೆ, ಹೊಸದಾಗಿ ಕೇಳಲು ಕಲಿಯುತ್ತಿದ್ದ ಮನುಷ್ಯನನ್ನು ಕರೆದುಕೊಂಡು ಹೋದದ್ದು ನನ್ನ ತಪ್ಪು. ಆ ಕಾಫಿ ಯಂತ್ರದ ಸದ್ದು ಅವರ ಕಿವಿಯಲ್ಲಿ ಬಂಡಿ ಉರುಳಿದಂತೆ ಉರುಳಿರಬೇಕು. ಕಲಿತವಳಾಗಿ ನನಗೆ ಅದು ಹೊಳೆಯಬೇಕಿತ್ತು.

ಒಂದು ಬೆಳಿಗ್ಗೆ ಜಯಮ್ಮ ಹೂ ಕೊಡುವ ನೆಪದಲ್ಲಿ ಮೇಲೆ ಬಂದರು. "ಅವ್ರು ಮತ್ತೆ ಮೆಷಿನ್ ಡಬ್ಬಿಗಾಕವ್ರೆ ಕಣಮ್ಮ. ಅದು ಹಾಕ್ಕಂಡಿದ್ದಾಗ ದಿನಾ ಜಗಳ ಆಡ್ತಿದ್ವಿ. ಎಷ್ಟೋ ವರ್ಷದ್ದು ಬಾಕಿ ಇತ್ತಲ್ಲ. ಈಗ ಮತ್ತೆ ಬರೀ ತಲೆ ಆಡಿಸ್ತಾರೆ" ಎಂದು ಹೇಳಿ, ಕಣ್ಣೊರೆಸಿಕೊಳ್ಳುವುದು ನನಗೆ ಕಾಣದಿರಲೆಂದು ಕಿಟಕಿಯ ಕಡೆ ತಿರುಗಿದರು.

ಅವತ್ತು ಅವ್ವನಿಗೆ ಫೋನ್ ಮಾಡಿದೆ. ಖಾನಾವಳಿಯ ಗದ್ದಲದಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ, ನಕ್ಕರು ಎಂದೆ.

"ನಕ್ಕರ ನಗಲಿ ಬಿಡು. ನೀ ಏನ್ ಹೇಳಾಕ ಹೋಗಿದ್ದಿ, ಅದನ್ನ ಹೇಳಿ ಬಂದಿಯೋ ಇಲ್ಲೋ?" ಎಂದಳು ಅವ್ವ.

"ಇಲ್ಲವ್ವಾ."

"ಮತ್ತ ಅದಕ್ಕ ಅಳು. ಅವರು ನಕ್ಕಿದ್ದಕ್ಕ ಯಾಕ ಅಳ್ತಿ?" ಗಿರಾಕಿ ಯಾರೋ ಕರೆದರು, ಅವ್ವ ಫೋನ್ ಇಟ್ಟಳು.

ಸಂಜೆ ನಾನು ಕೆಳಗೆ ಹೋದೆ. ಮುನಿರಾಜಣ್ಣ ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಜಯಮ್ಮನನ್ನು ಕೇಳಿ ಡಬ್ಬಿ ತಂದು ಅವರ ತೊಡೆಯ ಮೇಲಿಟ್ಟು, ಹಾಕಿಕೊಳ್ಳಿ ಎಂದು ಕೈಯಲ್ಲೇ ತೋರಿಸಿದೆ. ಹಾಕಿಕೊಂಡರು.

"ತಪ್ಪಾತ್ರಿ ಅಣ್ಣಾ. ಅಷ್ಟು ಗದ್ದಲದಾಗ ನಿಮ್ಮನ್ನ ಕರ್ಕೊಂಡು ಹೋಗಬಾರದಿತ್ತು. ಅದಕ್ಕs ನೀವು ಮೆಷಿನ್ ತಗದ್ರಿ."

ಅವರು ನನ್ನ ಮುಖವನ್ನು ನೋಡಿದರು. "ಗಲಾಟೆಗೆ ತೆಗೀಲಿಲ್ಲ ಕಣಮ್ಮ. ಮೂವತ್ತು ವರ್ಷ ತಗಡು ಬಡಿದೋನು ನಾನು. ನಿನ್ನ ನೋಡಿ ಅವ್ರು ನಗೋದು ನಂಗೆ ಕೇಳಿಸ್ಬಾರ್ದು ಅಂತ ತೆಗೆದೆ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ರಸ್ತೆಯಲ್ಲಿ ನೀರಿನ ಟ್ಯಾಂಕರ್ ಹೋಯಿತು, ಎದುರಿನ ಅಪಾರ್ಟ್‌ಮೆಂಟಿನ ದೀಪಗಳು ಒಂದೊಂದಾಗಿ ಹತ್ತಿದವು. ಎರಡು ವಾರ ನಾನು ಆ ಕೈ ಕಿವಿಗೆ ಹೋದದ್ದನ್ನೇ ನೆನೆಯುತ್ತ, ಅವರನ್ನು ನೋಯಿಸಿದೆನೆಂದು ಸಣ್ಣಗಾಗಿದ್ದೆ. ಅವರು ಅಷ್ಟೂ ದಿನ ನನಗಾಗಿ ನೊಂದಿದ್ದರು.

"ಶನಿವಾರ ಬರ್ತೀರೇನ್ರಿ?" ಎಂದೆ.

"ನೀನು ನಿನ್ ಮಾತಲ್ಲೇ ಮಾತಾಡೋದಾದ್ರೆ ಬತ್ತೀನಿ. ಆ ಇರುತ್ತೇನೆ ಬರುತ್ತೇನೆ ಎಲ್ಲ ನಂಗೆ ಮೆಷಿನ್ ಹಾಕ್ಕಂಡ್ರೂ ತಿಳಿಯಾಕಿಲ್ಲ."

ಶನಿವಾರ ನಾಲ್ವರೂ ಕೂಡಿದೆವು. ಮೈಕ್ ಇರುವ ಜಾಗಕ್ಕೆ ನಾವು ಹೋಗುವುದು ಬೇಡ, ನಮಗೆ ಕೇಳುವಂಥ ಜಾಗವನ್ನು ನಾವೇ ಮಾಡಿಕೊಳ್ಳೋಣ ಎಂದವರು ಶಹನಾಜ್ ಆಪಾ. ಸೆಲ್ವಿ ತಾನು ಓದಿದ ಶಾಲೆಯ ಹೆಡ್ಮೇಡಂ ಅವರನ್ನು ಕೇಳಿ ಒಂದು ಭಾನುವಾರದ ಮಟ್ಟಿಗೆ ಹಾಲ್ ಪಡೆದಳು. ಹೋಗಿ ನೋಡಿದರೆ ಬರಿಯ ಗೋಡೆ, ಎತ್ತರದ ಸೀಲಿಂಗು. ಒಂದು ಚಪ್ಪಾಳೆ ತಟ್ಟಿದರೆ ನಾಲ್ಕಾಗಿ ತಿರುಗಿ ಬರುತ್ತಿತ್ತು. ಅಂಥ ಪ್ರತಿಧ್ವನಿಯಲ್ಲಿ ಶ್ರವಣಯಂತ್ರಕ್ಕೆ ಮಾತು ಹಿಡಿಯುವುದಿಲ್ಲ. ಗೋಡೆಗೆ ಬಟ್ಟೆ ಇಳಿಬಿಟ್ಟರೆ ಸದ್ದನ್ನು ಅದು ಹೀರುತ್ತದೆ ಎಂದೆ.

"ಬಟ್ಟೆ ಬೇಕಾ?" ಎಂದರು ಆಪಾ. "ಅಷ್ಟೇನಾ?"

ಆಟೋ ತುಂಬ ಬಂತು. ಹತ್ತಿಯ ರಜಾಯಿಗಳು, ಶೇರ್ವಾನಿಯ ಒಳಬಟ್ಟೆ, ಮಖಮಲ್ಲಿನ ತುಂಡುಗಳು, ಯಾವುದೋ ಮದುವೆಯಲ್ಲಿ ಉಳಿದ ಕಡುಗೆಂಪು ಪರದೆ. ಮುನಿರಾಜಣ್ಣ ಏಣಿ ಹತ್ತಿ ತಂತಿ ಎಳೆದರು. ಅವರ ಕೈ ಇನ್ನೂ ಕಾರ್ಖಾನೆಯದೇ, ಒಂದು ಮಡಿಕೆಯೂ ವಾರೆಯಾಗಲಿಲ್ಲ. ಮುಗಿದಾಗ ಹಾಲ್ ಯಾರದೋ ಕನಸಿನೊಳಗಿನ ಕೋಣೆಯಂತಿತ್ತು. ನಾನು ನಡುವೆ ನಿಂತು ಮೆಲ್ಲಗೆ "ನೀರು" ಎಂದೆ. ಕೊನೆಯ ಸಾಲಿನಿಂದ ಆಪಾ, "ನೀರು" ಎಂದರು. "ಮರ" ಎಂದೆ. "ಮರ" ಬಂತು.

ಬಂದವರು ನಮ್ಮ ಆಸ್ಪತ್ರೆಯ ರೋಗಿಗಳು, ಅವರ ಮನೆಯವರು, ಬೀದಿಯ ಕೆಲವರು. ನಮ್ಮದೊಂದೇ ಕಟ್ಟಳೆ. ಕೇಳಿಸದಿದ್ದರೆ ಯಾರು ಬೇಕಾದರೂ ಕೈ ಎತ್ತಿ "ಏನಂದ್ರಿ?" ಎನ್ನಬೇಕು, ನಾವು ತಿರುಗಿ ಹೇಳಬೇಕು. ಮೊದಲಿಗೆ ಮುನಿರಾಜಣ್ಣ ಎದ್ದರು. ಜಯಮ್ಮ ಎದುರಿಗೇ ಕೂತಿದ್ದರು.

"ನಮ್ ಹೊರಮಾವು ಕಡೆ ನಾಲಿಗೆಗೆ ಹಕಾರ ಹತ್ತಾಕಿಲ್ಲ. ಹಕ್ಕಿನೂ ಅಕ್ಕಿನೇ, ಅಕ್ಕಿನೂ ಅಕ್ಕಿನೇ" ಎಂದು ಶುರು ಮಾಡಿದರು. "ಒಂದಿನ ಇವ್ಳು, ಅಕ್ಕಿ ತನ್ನಿ, ಸಣ್ಣದಿರ್ಲಿ ಅಂದ್ಲು. ನಾನು ಶಿವಾಜಿನಗರಕ್ಕೋಗಿ ಒಂದ್ ಜೊತೆ ಸಣ್ಣ ಗಿಳಿ ತಂದೆ."

"ಏನಂದ್ರಿ?" ಎಂದರು ಹಿಂದಿನಿಂದ ಒಬ್ಬ ಅಜ್ಜ.

"ಗಿಳಿ ತಂದೆ ಸ್ವಾಮಿ, ಗಿಳಿ."

"ಸುಳ್ಳು. ಅವತ್ತು ನಾನು ಅಕ್ಕಿ ಅಂದೇ ಇರ್ಲಿಲ್ಲ. ಚಕ್ಲಿ ಅಂದಿದ್ದೆ" ಎಂದರು ಜಯಮ್ಮ, ಕೂತಲ್ಲಿಂದಲೇ.

ಅದು ನಾವು ಕಟ್ಟಿದ್ದ ಆಟದಲ್ಲಿ ಇರಲಿಲ್ಲ. ಮುನಿರಾಜಣ್ಣನ ಬಾಯಿ ತೆರೆದಂತೇ ನಿಂತಿತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿ ನಗಲು ತೊಡಗಿದ ಮೇಲೆ ಹಾಲ್‌ನಲ್ಲಿ ನಗದೆ ಉಳಿದವರಿಲ್ಲ. ಬಟ್ಟೆಯ ಗೋಡೆಗಳು ಆ ನಗುವನ್ನು ಹೀರಿ, ಒಂದು ಚೂರೂ ಕರ್ಕಶವಾಗದಂತೆ, ಮೆತ್ತಗೆ ನಮ್ಮ ನಡುವೆಯೇ ಇಟ್ಟುಕೊಂಡವು. ಸೆಲ್ವಿ ತನ್ನ ಫೋನಿನ ಧ್ವನಿಗಳನ್ನು ಮಾಡಿದಳು. ಆಪಾ, ಮದುಮಗನ ಅಳತೆ ಹೇಳುವಾಗ ಅತ್ತೆ ಒಂದು ಕಿವಿಯಲ್ಲಿ ಮಾವ ಇನ್ನೊಂದು ಕಿವಿಯಲ್ಲಿ ಮಾತಾಡಿ, ತಮಗೆ ಕೇಳುವ ಕಿವಿಯ ಪ್ರಕಾರವೇ ಹೊಲಿದು ಕೊಟ್ಟ ಕಥೆ ಹೇಳಿದರು.

ಕೊನೆಗೆ ನಾನು. "ನಮಸ್ಕಾರ್ರಿ" ಎಂದೆ. ಎರಡನೇ ಸಾಲಿನಲ್ಲಿ ಒಬ್ಬಾಕೆ ಕಿಸಕ್ಕೆಂದಳು. ಮುನಿರಾಜಣ್ಣನ ಕಡೆ ನೋಡಿದೆ. ಅವರ ಕೈ ತೊಡೆಯ ಮೇಲೇ ಇತ್ತು.

"ಇನ್ನೂ ಸುರು ಮಾಡಿಲ್ರಿ" ಎಂದೆ ಆಕೆಗೆ. "ಎಲ್ಲಾ ಈಗs ನಕ್ಕು ಮುಗಸಬ್ಯಾಡ್ರಿ. ಆಮ್ಯಾಲ ಬೇಕಾಗ್ತೈತಿ, ಸ್ವಲ್ಪ ಉಳಿಸ್ಕೊರ್ರಿ."

ಈಗ ಅವರು ನಕ್ಕದ್ದು ಬೇರೆಯ ನಗು. ಅದರ ವ್ಯತ್ಯಾಸವನ್ನು ಅಳೆಯುವ ಯಂತ್ರ ನಮ್ಮ ಆಸ್ಪತ್ರೆಯಲ್ಲಿಲ್ಲ, ಆದರೆ ನಿಂತವರ ಮೈಗೆ ಅದು ತಿಳಿಯುತ್ತದೆ. ನಾನು ಮಾತಾಡಿದೆ. ಕುಂಡ್ರ್ರಿ ಅಂದದ್ದು, ಕಾಕಾ ಅಂದದ್ದು, ಮುದ್ದೆ ಅಗಿದದ್ದು, ಸ್ಪಂಜಿನ ಕೋಣೆಯಲ್ಲಿ ಕೂತು ನನ್ನ ಹೊಟ್ಟೆ ಗುರುಗುಟ್ಟುವುದನ್ನು ರೋಗಿ ಪರೀಕ್ಷೆಯ ಸದ್ದೆಂದು ತಿಳಿದು, ಸದ್ದು ಕೇಳಿದಾಗ ಒತ್ತಬೇಕಾದ ಗುಂಡಿ ಒತ್ತಿದ್ದು. ಹೇಳಬೇಕೆಂದು ಇಂದಿರಾನಗರಕ್ಕೆ ಹೊತ್ತುಕೊಂಡು ಹೋಗಿದ್ದನ್ನೆಲ್ಲ ಹೇಳಿ ಮುಗಿಸಿದೆ.

ಈಗ ತಿಂಗಳಿಗೊಮ್ಮೆ ಭಾನುವಾರ ಅದೇ ಹಾಲ್‌ನಲ್ಲಿ ಸೇರುತ್ತೇವೆ. ಕೆ.ಆರ್. ಪುರದಿಂದ ಇಬ್ಬರು ಅಕ್ಕತಂಗಿಯರು ಸೇರಿದ್ದಾರೆ, ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಇದ್ದಾರೆ. ಮಳೆಗಾಲದಲ್ಲಿ ಮಹದೇವಪುರದ ರಸ್ತೆ ಕೆರೆಯಾದಾಗ ಮುನಿರಾಜಣ್ಣನ ಮಗಳು ಬರಲಾಗದೆ ಫೋನಿನಲ್ಲೇ ಅಪ್ಪನ ಮಾತು ಕೇಳುತ್ತಾಳೆ. ಇಂದಿರಾನಗರದ ಆ ಕಾಫಿ ಅಂಗಡಿಗೆ ನಾನು ಮತ್ತೊಮ್ಮೆ ಹೋಗಿದ್ದೆ. ಸುಮ್ಮನೆ ಕಾಫಿ ಕುಡಿದು ಬಂದೆ.

ಹೋದ ತಿಂಗಳು ರೋಣಕ್ಕೆ ಬಂದಾಗ ನೀವು ಖಾನಾವಳಿಯ ಬೆಂಚುಗಳನ್ನು ಸರಿಸಿ ನನ್ನನ್ನು ನಿಲ್ಲಿಸಿದಿರಿ. ನಾನು ಮಾತಾಡುತ್ತ "ಬಂದ್ಬಿಟ್ಟೆ ಕಣ್ರೀ" ಎಂದೆ. ನೀವು ನಕ್ಕಿರಿ. ಯಾರೋ "ಬೆಂಗಳೂರಾಕಿ ಬಂದ್ಳಪಾ" ಎಂದಿರಿ. ನನ್ನ ನಾಲಿಗೆಯ ಮೇಲೆ ಜಯಮ್ಮ ಕೂತಿರುವುದು ನನಗೆ ಗೊತ್ತೇ ಇರಲಿಲ್ಲ. ಬೆಂಗಳೂರಿನಲ್ಲಿ ನಾನು ರೋಣದ ಮಾತಿನವಳು, ರೋಣದಲ್ಲಿ ಹೊರಮಾವಿನ ಮಾತಿನವಳು. ನಿಮ್ಮ ನಗು ನೋಯಿಸಲಿಲ್ಲ. ಆದರೆ ಒಂದು ಕ್ಷಣ ಎರಡು ಊರುಗಳೂ ಸಮನಾಗಿ ದೂರ ಕಂಡವು.

ಹೊರಡುವ ದಿನ ಬೆಳಿಗ್ಗೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಚೀಲಕ್ಕೆ ಶೇಂಗಾ ಚಟ್ನಿಯ ಡಬ್ಬಿಗಳನ್ನು ತುಂಬುತ್ತ, "ರಾತ್ರಿ ಊರು ಮುಟ್ಟಿದ ಕೂಡಲೇ ಫೋನ್ ಮಾಡ್ತೀನಿ" ಎಂದೆ.

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ಯಾವ ಊರವಾ?"

ಬಾಯಿಗೆ ಬಂದದ್ದು ವಾಪಸು ಹೋಗುವಂತಿರಲಿಲ್ಲ. "ಹೊರಮಾವು" ಎಂದೆ.

ಅವ್ವ ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೆಲ್ಲಗೆ ನೀರು ಸವರಿದಳು. "ಅಲ್ಲಿ ಹೋಗಿ ಇದನ್ನೂ ಹಿಂಗs ಊರು ಅಂತೀಯಲ್ಲ?" ಎಂದು ಕೇಳಿದಳು.

"ಅಂತೀನವ್ವಾ."

"ಹಂಗಾದ್ರ ಆತು," ಎಂದಳು. ರೊಟ್ಟಿ ಉಬ್ಬಿತು, ಅವಳು ಅದನ್ನು ಬುತ್ತಿಗೆಂದು ತೆಗೆದಿಟ್ಟು ಮುಂದಿನದಕ್ಕೆ ಹಿಟ್ಟು ನಾದಿದಳು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ನಾನು ಎದ್ದು ಹೋಗದೆ ಅಲ್ಲೇ ಕೂತು ಆ ಬಡಿತವನ್ನು ಕೇಳುತ್ತಿದ್ದೆ.